ಸಹಾಯ ಬೇಕು: ಮೂರು ಕ್ಯುಬಿಟ್‌ಗಳ ನಂಟಿಗೆ ಒಂದು ಹೋಲಿಕೆ

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಕ್ವಾಂಟಮ್ ಎಂಟ್ಯಾಂಗಲ್‌ಮೆಂಟ್ (ಒಂದನ್ನು ಬಿಟ್ಟು ಇನ್ನೊಂದನ್ನು ವಿವರಿಸಲಾಗದಂತೆ ಕಣಗಳು ಹೆಣೆದುಕೊಳ್ಳುವುದು) ಅಂದರೆ ಅವರಿಗೆ ತುಂಬಾ ಕುತೂಹಲ.

ಎರಡು ಕ್ಯುಬಿಟ್‌ಗಳು (ಕ್ವಾಂಟಮ್ ಮಾಹಿತಿಯ ಅತಿ ಚಿಕ್ಕ ಘಟಕಗಳು) ಪೂರ್ತಿ ಹೆಣೆದುಕೊಂಡರೆ ಮೂರನೆಯದಕ್ಕೆ ಪಾಲೇ ಇಲ್ಲ. ಹಂಚಿಕೆಯ ಈ ಮಿತಿಯನ್ನು 2000ದಲ್ಲಿ ಭೌತವಿಜ್ಞಾನಿಗಳಾದ ಕಾಫ್‌ಮನ್, ಕುಂಡು, ವೂಟರ್ಸ್ ಲೆಕ್ಕದಲ್ಲೇ ತೋರಿಸಿದರು. ಇಷ್ಟು ಮಕ್ಕಳಿಗೆ ಅರ್ಥವಾಯಿತು.

ಮೂರು ಕ್ಯುಬಿಟ್‌ಗಳೂ ಒಟ್ಟಿಗೆ ಹೆಣೆದುಕೊಳ್ಳುವ ಒಂದು ಬಗೆ ಜಿಎಚ್‌ಝಡ್ ಸ್ಥಿತಿ. ಅದಕ್ಕೆ ಹೋಲಿಕೆಯಾಗಿ ಮೂರು ಬಣ್ಣದ ನೂಲಿನ ಜಡೆ ಹೆಣೆದೆ. ಕೆಂಪು ನೂಲು ಎಳೆದ ಕೂಡಲೇ ಹಸಿರು, ಬಿಳಿ ಬಿಡಿಬಿಡಿಯಾದವು. ಅಲ್ಲೂ ಹಾಗೇ ಅಲ್ವಾ, ಒಂದನ್ನು ಬಿಟ್ಟರೆ ಉಳಿದೆರಡರ ನಡುವೆ ಎಂಟ್ಯಾಂಗಲ್‌ಮೆಂಟ್ ಇರುವುದಿಲ್ಲ.

ಆದರೆ ಡಬ್ಲ್ಯೂ ಸ್ಥಿತಿ ಎಂಬ ಇನ್ನೊಂದು ಬಗೆಯಲ್ಲಿ ಒಂದನ್ನು ಬಿಟ್ಟರೂ ಉಳಿದೆರಡರ ನಂಟು ಸ್ವಲ್ಪ ಉಳಿಯುತ್ತದೆ. ಕನ್‌ಕರೆನ್ಸ್ ಅಳತೆಯಲ್ಲಿ (ನಂಟಿಲ್ಲದಿದ್ದರೆ 0, ಪೂರ್ತಿ ಇದ್ದರೆ 1) ಅದು 2/3. ಇದಕ್ಕೆ ಕೈಯಲ್ಲಿ ಹಿಡಿದು ತೋರಿಸುವಂಥ ಹೋಲಿಕೆ ಯಾರ ಬಳಿಯಾದರೂ ಇದೆಯಾ? ಸೋಮವಾರದ ಪಾಠಕ್ಕೆ ಬೇಕು, ದಯವಿಟ್ಟು ತಿಳಿಸಿ.