ಎಡಕ್ಕೆ 3 ಮೀಟರ್, ಬಲಕ್ಕೆ 9 ಮೀಟರ್: ಸ್ಪೀಕರ್ ವೈರ್ ಯಾವ ಸೈಜ್ ಹಾಕಲಿ?

ಕಡಲತಡಿ:
ಚಾನೆಲ್‌ಗೆ 50 ವ್ಯಾಟ್‌ನ ಸ್ಟೀರಿಯೊ ಆಂಪ್, 6 ಓಮ್ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ, ಎಟಿ-ವಿಎಂ95ಇ ಕಾರ್ಟ್ರಿಜ್ (ಸೂಜಿ ಇರುವ ಭಾಗ) ಇರುವ ಟರ್ನ್‌ಟೇಬಲ್, ಜೊತೆಗೆ ಟೀವಿಯಿಂದ ಆರ್‌ಸಿಎ (ಕೆಂಪು-ಬಿಳಿ ಪಿನ್‌ನ ಆಡಿಯೊ ಕೇಬಲ್). ಎಡ ಸ್ಪೀಕರ್‌ಗೆ 3 ಮೀಟರ್ ವೈರ್ ಸಾಕು. ಬಲದ್ದು ಬಾಗಿಲು ಬಳಸಿ ಬರಬೇಕು, 9 ಮೀಟರ್. ಈಗಿರೋದು ಹಳೇ ಹೋಮ್ ಥಿಯೇಟರ್ ಜೊತೆ ಬಂದ 0.5 ಸ್ಕ್ವೇರ್ ಎಂಎಂ ಪಾರದರ್ಶಕ ವೈರ್. ಉಡುಪಿಯ ಉಪ್ಪುಗಾಳಿಗೆ ತುದಿಯೆಲ್ಲ ಹಸಿರಾಗಿದೆ. ಗಾಯಕರ ದನಿ ನಡುವೆ ನಿಲ್ಲದೆ ಸ್ವಲ್ಪ ಎಡಕ್ಕೆ ವಾಲುತ್ತೆ. ಟೀವಿ ಕನೆಕ್ಟ್ ಮಾಡಿದ ಕೂಡಲೇ ಗುಂಯ್ ಸದ್ದು ಬೇರೆ. ಬೆಳ್ಳಿ ಲೇಪನದ ವೈರ್, ಡಬಲ್ ಶೀಲ್ಡ್ ಆರ್‌ಸಿಎ ಹಾಕಿದರೆ ಎಲ್ಲ ಸರಿಹೋಗುತ್ತೆ ಅಂತಾರೆ. ಹೌದಾ? ಎರಡೂ ಕಡೆ ವೈರ್ ಒಂದೇ ಉದ್ದ ಇರಲೇಬೇಕಾ?

ತಂತಿಮಾಪಕ:
ಬೆಳ್ಳಿ ಬಿಡಿ ಸರ್, ಮೊದಲು ಲೆಕ್ಕ ನೋಡೋಣ. 0.5 ಸ್ಕ್ವೇರ್ ಎಂಎಂ ತಾಮ್ರದ ವೈರ್‌ಗೆ ಕಿಲೋಮೀಟರ್‌ಗೆ ಸುಮಾರು 39 ಓಮ್. ಕರೆಂಟ್ ಹೋಗಿ ಬರಬೇಕಲ್ಲ, ಹಾಗಾಗಿ 9 ಮೀಟರ್ ಅಂದರೆ 18 ಮೀಟರ್: 0.7 ಓಮ್. ಎಡಕ್ಕೆ 0.23. 6 ಓಮ್ ಸ್ಪೀಕರ್‌ಗೆ ಬಲದಲ್ಲಿ ಹತ್ತಿರ ಹತ್ತಿರ 1 ಡಿಬಿ (ಡೆಸಿಬಲ್, ಸದ್ದಿನ ಅಳತೆ) ನಷ್ಟ, ಎಡದಲ್ಲಿ 0.3. ನಿಮ್ಮ ದನಿ ಎಡಕ್ಕೆ ವಾಲೋದಕ್ಕೆ ಈ 0.6 ಡಿಬಿ ವ್ಯತ್ಯಾಸದ ಪಾಲು ಇದ್ದೇ ಇದೆ. ಹಸಿರು ತುದಿಯ ಸಂಪರ್ಕ ಸಡಿಲ ಇದ್ದರೆ ಇನ್ನೂ ಜಾಸ್ತಿ.

ಇಷ್ಟೇ ಅಲ್ಲ. 6 ಓಮ್ ಅನ್ನೋದು ಹೆಸರಿಗೆ. ಸ್ಪೀಕರ್‌ನ ಇಂಪೀಡೆನ್ಸ್ (ಕರೆಂಟ್‌ಗೆ ಒಡ್ಡುವ ತಡೆ) ಒಂದು ಫ್ರೀಕ್ವೆನ್ಸಿಯಲ್ಲಿ 4ಕ್ಕೆ ಇಳಿದು ಇನ್ನೊಂದರಲ್ಲಿ 20ಕ್ಕೆ ಏರೋದು ಸಾಮಾನ್ಯ. 0.7 ಓಮ್ ವೈರ್ ಇದ್ದರೆ 4 ಇರುವಲ್ಲಿ 1.4 ಡಿಬಿ ಹೋಗುತ್ತೆ, 20 ಇರುವಲ್ಲಿ 0.3 ಮಾತ್ರ. ಅಂದರೆ ತೆಳು ವೈರ್ ಒಂದು ಟೋನ್ ಕಂಟ್ರೋಲ್ ಥರ ಕೆಲಸ ಮಾಡುತ್ತೆ, ನಿಮ್ಮನ್ನ ಕೇಳದೆ!

2.5 ಸ್ಕ್ವೇರ್ ಎಂಎಂ ಹಾಕಿ, ಕಿಲೋಮೀಟರ್‌ಗೆ 8 ಓಮ್. ಬಲಕ್ಕೆ 0.14 ಓಮ್, ಎಡಕ್ಕೆ 0.05, ವ್ಯತ್ಯಾಸ 0.14 ಡಿಬಿ, ಕಿವಿಗೆ ಗೊತ್ತಾಗಲ್ಲ. ವೈರ್‌ನ ರೆಸಿಸ್ಟೆನ್ಸ್ ಸ್ಪೀಕರ್ ಓಮ್‌ನ 5% ಒಳಗಿರಲಿ ಅನ್ನೋದು ಹಳೇ ಲೆಕ್ಕ, ಇಲ್ಲಿ ಅದರ ಅರ್ಧ ಕೂಡ ಇಲ್ಲ. ಅಂಗಡಿಯಲ್ಲಿ 40/76 ಅನ್ನೋ ವೈರ್ ಕೊಡ್ತೀನಿ ಅಂದರೆ ಅದು ಸುಮಾರು 1.2 ಸ್ಕ್ವೇರ್ ಎಂಎಂ, ಎಡಕ್ಕೆ ಪರವಾಗಿಲ್ಲ, ಬಲಕ್ಕೆ ಬೇಡ. ಬೆಳ್ಳಿ ಲೇಪನದಿಂದ ಈ ಲೆಕ್ಕದಲ್ಲಿ ಬದಲಾಗೋದು ಏನೂ ಇಲ್ಲ.

ಎರಡು_ಚಾನೆಲ್:
ಲೆಕ್ಕ ಒಪ್ಪುತ್ತೇನೆ. ಆದರೆ ನಾನಾದರೆ ಎರಡೂ ಕಡೆ 9 ಮೀಟರ್ ಹಾಕಿ, ಎಡದ್ದನ್ನ ಸುತ್ತಿ ಹಿಂದೆ ಇಡುತ್ತಿದ್ದೆ. ಸಮ ಅಂದರೆ ಸಮ.

ತಂತಿಮಾಪಕ:
ಸುತ್ತಿಟ್ಟರೆ ತೊಂದರೆ ಇಲ್ಲ, ಜೋಡಿ ಎಳೆಗಳಲ್ಲಿ ಕರೆಂಟ್ ಎದುರುಬದುರು ಹರಿಯೋದರಿಂದ ಅದು ಕಾಯಿಲ್ ಆಗಿ ವರ್ತಿಸಲ್ಲ. ಆದರೆ ಲಾಭವೂ ಇಲ್ಲ, 6 ಮೀಟರ್ ತಾಮ್ರ ಕಸ ಗುಡಿಸುವಾಗ ಕಾಲಿಗೆ ಸಿಗುತ್ತೆ ಅಷ್ಟೆ.

ಸಾಲ್ಡರ್_ಹೊಗೆ:
ಮಾರಾಯ್ರೆ, ಸೈಜಿಗಿಂತ ಮೊದಲು ಅದು ತಾಮ್ರವೇ ಅಂತ ನೋಡಿ. ಸ್ಪೀಕರ್ ವೈರ್ ಹೆಸರಲ್ಲಿ ಬರೋದು ಎಷ್ಟೋ ಸಲ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದರ ರೆಸಿಸ್ಟೆನ್ಸ್ ಒಂದೂವರೆ ಪಟ್ಟು, ಹಾಗಾಗಿ 2.5 ಅಂತ ಕೊಂಡದ್ದು 1.6ರ ಕೆಲಸ ಮಾಡುತ್ತೆ. ಒಂದು ಎಳೆಯನ್ನ ಬ್ಲೇಡಿನಿಂದ ಕೆರೆಯಿರಿ: ಒಳಗೆ ಬಿಳಿ ಕಂಡರೆ ಬೇಡ. ಹೊರಗೆ ಬಿಳಿ, ಒಳಗೆ ಕೆಂಪು ಇದ್ದರೆ ಅದು ತವರ ಹಚ್ಚಿದ ತಾಮ್ರ, ನಿಮ್ಮ ಕರಾವಳಿಗೆ ಅದೇ ಒಳ್ಳೆಯದು. ಪಾರದರ್ಶಕ ಹೊದಿಕೆಯ ವೈರ್ ತಗೊಳ್ಳಬೇಡಿ, ಒಳಗೊಳಗೇ ಹಸಿರಾಗೋದು ಅದರಲ್ಲೇ ಜಾಸ್ತಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕಕ್ಕೆ ಸಿಗುವ 2 ಕೋರ್ ಫ್ಲೆಕ್ಸಿಬಲ್ ಕೇಬಲ್, 13 ಮೀಟರ್. ಅದರಲ್ಲಿ ಒಂದು ಮೀಟರ್ ಮೂಲೆ, ತಿರುವುಗಳಿಗೆ. ಗೋಡೆ ಒಳಗಿನ ಕರೆಂಟ್ ಪೈಪಿನಲ್ಲಿ ಇದನ್ನ ತೂರಿಸಬೇಡಿ.

4 ಎಂಎಂ ಬನಾನಾ ಪ್ಲಗ್ (ವೈರ್ ತುದಿಗೆ ಹಾಕುವ ಪಿನ್) 8 ಬೇಕು. ಟರ್ಮಿನಲ್ ಒಳಗಿನ ಪ್ಲಾಸ್ಟಿಕ್ ಬಿರಡೆಯನ್ನ ಕಿತ್ತರೆ ಮಾತ್ರ ಪ್ಲಗ್ ಹೋಗುತ್ತೆ. ತುದಿ 10–12 ಎಂಎಂ ಸುಲಿದು ಎಳೆಗಳನ್ನ ಹೊಸೆದು ಸ್ಕ್ರೂ ಬಿಗಿ ಮಾಡಿ. ಸ್ಕ್ರೂ ಕೆಳಗೆ ಹೋಗುವ ತುದಿಗೆ ಸಾಲ್ಡರ್ ಬೇಡ: ಸಾಲ್ಡರ್ ಮೆತ್ತಗಿನ ಲೋಹ, ಒತ್ತಡಕ್ಕೆ ನಿಧಾನ ಜಾರಿ ಕೆಲವು ತಿಂಗಳಿಗೆ ಸ್ಕ್ರೂ ಸಡಿಲ. ಸ್ಪ್ರಿಂಗ್ ಕ್ಲಿಪ್ ಟರ್ಮಿನಲ್ ಆದರೆ 2.5 ಹಿಡಿಸೋದು ಕಷ್ಟ, ಪಿನ್ ಟರ್ಮಿನಲ್ ಒತ್ತಿ ಹಾಕಿ. ಆಂಪ್ ಆಫ್ ಮಾಡಿಯೇ ಕೆಲಸ. ಹೊರಗುಳಿದ ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಬಹುದು.

ಕೊನೆಗೆ ಫೇಸ್, ಅಂದರೆ ಎರಡೂ ಸ್ಪೀಕರ್‌ಗಳ ಪ್ಲಸ್-ಮೈನಸ್ ಹೊಂದಿಕೆ ನೋಡಿ. ಆಂಪ್ ಕಡೆಯ ತುದಿ ಕಳಚಿ, 1.5 ವೋಲ್ಟ್ ಪೆನ್ ಸೆಲ್‌ನ ಪ್ಲಸ್ ಅನ್ನು ಕೆಂಪಿಗೆ, ಮೈನಸ್ ಅನ್ನು ಕಪ್ಪಿಗೆ ಕ್ಷಣಮಾತ್ರ ತಾಗಿಸಿ. ಎರಡೂ ವೂಫರ್ ಕೋನ್‌ಗಳು ಒಂದೇ ದಿಕ್ಕಿಗೆ ನೆಗೆಯಬೇಕು. ಒಂದು ಹೊರಗೆ, ಒಂದು ಒಳಗೆ ಹೋದರೆ ಒಂದು ಕಡೆ ತಿರುವು ಮುರುವು. ಬಾಸ್ ಮಾಯವಾಗಿ ದನಿ ನಡುವೆ ನಿಲ್ಲೋದೇ ಇಲ್ಲ.

ಎರಡು_ಚಾನೆಲ್:
ಗುಂಯ್ ಸದ್ದಿಗೆ ಶೀಲ್ಡ್ ಮದ್ದಲ್ಲ. ಆಂಪ್‌ಗೆ ಒಂದು ಅರ್ತ್ ಪ್ಲಗ್‌ನಿಂದ, ಟೀವಿ ಕಡೆಗೆ ಇನ್ನೊಂದು ಡಿಶ್ ಅಥವಾ ಕೇಬಲ್ ವೈರ್‌ನ ಹೊರಕವಚದಿಂದ. ಹೀಗೆ ಅರ್ತ್ ಲೂಪ್ ಆಗಿ ಎರಡರ ನಡುವಿನ ಕರೆಂಟ್ ಆರ್‌ಸಿಎ ಕವಚದಲ್ಲಿ ಹರಿದು 50 ಹರ್ಟ್ಸ್ ಮತ್ತು ಅದರ ಗುಣಕಗಳು ಕೇಳಿಸುತ್ತವೆ. ಸೆಟ್‌ಟಾಪ್ ಬಾಕ್ಸ್‌ನಿಂದ ಡಿಶ್ ವೈರ್ ಕಳಚಿ ನೋಡಿ. ಸದ್ದು ನಿಂತರೆ ಕಳ್ಳ ಅಲ್ಲೇ ಇದ್ದಾನೆ. ಆಂಪ್‌ನ ಅರ್ತ್ ಪಿನ್ ಮಾತ್ರ ಕೀಳಬೇಡಿ, ಯಾರು ಹೇಳಿದರೂ. ಒಳಗೆ ಲೀಕ್ ಆದ ದಿನ 230 ವೋಲ್ಟ್ ಬಾಡಿಗೇ ಬರುತ್ತೆ.

ಪರಿಹಾರ: ಟೀವಿಯ ಆಪ್ಟಿಕಲ್ ಔಟ್. ಗಾಜು, ಪ್ಲಾಸ್ಟಿಕ್ ಅಷ್ಟೆ, ಲೋಹವೇ ಇಲ್ಲದ್ದರಿಂದ ಲೂಪ್ ಕಡಿಯುತ್ತೆ. ಆಂಪ್‌ಗೆ ಆಪ್ಟಿಕಲ್ ಇನ್‌ಪುಟ್ ಇಲ್ಲದಿದ್ದರೆ ಸಣ್ಣ ಡ್ಯಾಕ್ ಬಾಕ್ಸ್ (ಡಿಜಿಟಲ್ ಸಿಗ್ನಲ್ ಅನ್ನು ಅನಲಾಗ್ ಮಾಡುವಂಥದ್ದು) ಸಾಕು. ಎರಡು ಎಡವಟ್ಟು ತಪ್ಪಿಸಿ. ಟೀವಿ ಸೆಟ್ಟಿಂಗ್‌ನಲ್ಲಿ ಪಿಸಿಎಂ (ಸಾದಾ ಡಿಜಿಟಲ್ ಆಡಿಯೊ) ಆರಿಸಿ, ಡಾಲ್ಬಿ ಇಟ್ಟರೆ ಬಾಕ್ಸ್‌ಗೆ ಅರ್ಥವಾಗದೆ ಸದ್ದೇ ಬರದಿರಬಹುದು. ಡ್ಯಾಕ್‌ಗೆ ಟೀವಿಯ ಯುಎಸ್‌ಬಿಯಿಂದ ಪವರ್ ಕೊಡಬೇಡಿ, ಕಡಿದ ಅರ್ತ್ ಮತ್ತೆ ಅಲ್ಲಿಂದ ಸೇರಿಕೊಳ್ಳುತ್ತೆ. ಎರಡು ಪಿನ್‌ನ ಮೊಬೈಲ್ ಚಾರ್ಜರ್ ಸಾಕು.

ಕಡಲತಡಿ:
ಡಿಶ್ ವೈರ್ ಕಳಚಿದೆ, ಸದ್ದು ಪೂರ್ತಿ ನಿಂತಿತು. ಹಾಗಾದರೆ ಕೇಬಲ್ ಬದಲಿಸಿ ದನಿ ಬದಲಾಗೋದು ಎಲ್ಲೂ ಇಲ್ಲವಾ?

ತಂತಿಮಾಪಕ:
ಇದೆ, ನಿಮ್ಮ ಟರ್ನ್‌ಟೇಬಲ್‌ನಲ್ಲಿ. ಆ ಕಾರ್ಟ್ರಿಜ್ ಕೇಳೋದು 47 ಕಿಲೋ ಓಮ್, ಜೊತೆಗೆ ಒಟ್ಟು 100–200 ಪಿಕೋಫ್ಯಾರಡ್ (ಪಿಎಫ್) ಕೆಪ್ಯಾಸಿಟೆನ್ಸ್. ಮಾಮೂಲಿ ಆರ್‌ಸಿಎ ಮೀಟರ್‌ಗೆ 100 ಪಿಎಫ್ ಇದ್ದರೆ 1.5 ಮೀಟರ್‌ಗೆ 150, ಫೋನೋ ಇನ್‌ಪುಟ್ (ಟರ್ನ್‌ಟೇಬಲ್ ಜೋಡಿಸುವ ಜಾಗ) ಒಳಗಿನದ್ದೇ 100–220, ಟೋನ್‌ಆರ್ಮ್ ವೈರ್‌ದು ಬೇರೆ. ಮಿತಿ ಮೀರಿತು. ಆಗ ಕಾರ್ಟ್ರಿಜ್ ಕಾಯಿಲ್ ಜೊತೆಗಿನ ರೆಸೊನೆನ್ಸ್ (ಅನುರಣನ) ಕಿವಿಗೆ ಕೇಳುವ ಫ್ರೀಕ್ವೆನ್ಸಿಗೆ ಇಳಿದು ‘ಸ’ಕಾರ ಚುಚ್ಚುತ್ತೆ, ಅದರ ಮೇಲಿನ ಟ್ರೆಬಲ್ ಬಿದ್ದುಹೋಗುತ್ತೆ. 75 ಓಮ್ ಫೋಮ್ ಕೋಆಕ್ಸ್‌ನಲ್ಲಿ (ಡಿಶ್ ವೈರ್ ಥರದ್ದು) ಮಾಡಿದ ಕೇಬಲ್ ಮೀಟರ್‌ಗೆ 55 ಪಿಎಫ್ ಆಸುಪಾಸು. ಅದನ್ನ ಆದಷ್ಟು ಗಿಡ್ಡ, 0.8 ಮೀಟರ್ ಇಡಿ. ಪ್ರತ್ಯೇಕ ಅರ್ತ್ ವೈರ್ ಇದ್ದರೆ ಅದನ್ನ ಆಂಪ್ ಹಿಂದಿನ ಜಿಎನ್‌ಡಿ ಸ್ಕ್ರೂಗೆ ಬಿಗಿಯೋದು ಮರೀಬೇಡಿ.