ಸಾವಿನ ಮನೆಯಲ್ಲಿ ಸೆಲ್ಫಿ ಕೇಳಿಬಿಟ್ಟೆ, ಈಗೇನು ಮಾಡಲಿ?

ತಿಪಟೂರು ಹುಡುಗ:
ಹೋದ ಭಾನುವಾರ ನನ್ನ ಗೆಳೆಯನ ತಾತ ತೀರಿಕೊಂಡರು. ಹಾರ್ಮೋನಿಯಂ ಮೇಷ್ಟ್ರು. ನಮ್ಮ ಸುತ್ತಲ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಸಿದವರು. ಅವರ ಹತ್ತಿರ ಹಾಡು ಕಲಿತ ಒಬ್ಬರು ಈಗ ಸಿನಿಮಾದಲ್ಲಿ ಹೆಸರು ಮಾಡಿದ್ದಾರೆ. ಯಾರು ಅಂತ ಬೇಡ. ಅವರೂ ಬಂದಿದ್ದರು.

ಶಾಮಿಯಾನದ ಕೆಳಗೆ ಫ್ರೀಜರ್ ಬಾಕ್ಸ್. ಹಾರ ಇಟ್ಟು, ಗಾಜಿನ ಮೇಲೆ ಅಂಗೈ ಊರಿ ಸುಮಾರು ಹೊತ್ತು ನಿಂತರು. ತಿರುಗಿದರೆ ಎದುರಿಗೇ ನಾನು, ಕಾಫಿ ಲೋಟದ ತಟ್ಟೆ ಹಿಡಿದುಕೊಂಡು. ‘ಸಾರ್, ಒಂದು ಸೆಲ್ಫಿ’ ಅಂತ ಬಾಯಿಗೆ ಬಂದೇಬಿಟ್ಟಿತು. ಅವರು ಬೈಯಲಿಲ್ಲ. ನನ್ನ ಭುಜ ಹಿಡಿದು ಮೆಲ್ಲಗೆ ಗೇಟಿನ ಕಡೆ ತಿರುಗಿಸಿದರು, ಬಾಕ್ಸ್ ಫೋಟೊದಲ್ಲಿ ಬರದ ಹಾಗೆ.

ಸ್ಟೇಟಸ್‌ಗೆ ಹಾಕಿದ ಮೇಲೆ ನೋಡಿದೆ. ಮೂಲೆಯಲ್ಲಿ ಅಜ್ಜಿ. ಸೆರಗು ಬಾಯಿಗೆ ಒತ್ತಿಕೊಂಡು ನಮ್ಮನ್ನೇ ನೋಡುತ್ತಿದ್ದಾರೆ. ನಾನೋ, ಹಲ್ಲು ಬಿಟ್ಟಿದ್ದೇನೆ. ತಕ್ಷಣ ಡಿಲೀಟ್ ಮಾಡಿದೆ, ಅಷ್ಟರಲ್ಲಿ ಗೆಳೆಯ ನೋಡಿಯಾಗಿತ್ತು. ಅವನು ಏನೂ ಹೇಳಿಲ್ಲ, ಅದೇ ಕಷ್ಟ. ಹೋಗಿ ಸಾರಿ ಕೇಳಲೋ, ಸುಮ್ನೆ ಇರಲೋ? ಇಂಥವರು ಎದುರು ಸಿಕ್ಕರೆ ಹೇಗಿರಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ, ಅಲ್ವಾ?

ಸ್ಟೇಜ್ ಹಿಂದಿನವನು:
ಆಡಿಯೋ ಲಾಂಚ್, ಆರ್ಕೆಸ್ಟ್ರಾಗಳಲ್ಲಿ ಬ್ಯಾರಿಕೇಡ್ ಹತ್ತಿರ ನಿಲ್ಲುವ ಕೆಲಸ ನನ್ನದು. ಫೋಟೊ ಕೇಳೋದು ತಪ್ಪಲ್ಲ ಬ್ರೋ, ಜಾಗ ನೋಡಬೇಕು. ಊಟದ ಎಲೆ ಮುಂದೆ ಕೂತವರು, ಮಲಗಿದ ಮಗುವನ್ನು ಎತ್ತಿಕೊಂಡವರು, ಆಸ್ಪತ್ರೆ, ಸಾವಿನ ಮನೆ, ಇಲ್ಲೆಲ್ಲ ಕೈ ಮುಗಿದು ಸುಮ್ಮನಾಗಿಬಿಡಿ. ಬೇರೆ ಕಡೆ ಕೇಳಿ, ಆದರೆ ಹೆಗಲ ಮೇಲೆ ಕೈ ಹಾಕಬೇಡಿ. ಹೀರೋಯಿನ್‌ಗಳಾದರಂತೂ ಒಂದು ಮೊಳ ದೂರ ನಿಲ್ಲಿ. ಕ್ಯಾಮೆರಾ ಮೊದಲೇ ಆನ್ ಮಾಡಿಟ್ಟುಕೊಳ್ಳಿ ಮಾರಾಯ್ರೇ. ಹಿಂದೆ ಇನ್ನೂರು ಜನ ತಳ್ಳುತ್ತಿರುವಾಗ ‘ಒಂದ್ನಿಮಿಷ ಸಾರ್, ಸ್ಟೋರೇಜ್ ಫುಲ್ ಅಂತಿದೆ’ ಅನ್ನುವವರನ್ನು ನೋಡಿ ನೋಡಿ ಸಾಕಾಗಿದೆ.

ಫಸ್ಟ್ ಡೇ ಫಸ್ಟ್ ಶೋ:
ಇದಕ್ಕೆ ಇಷ್ಟೊಂದು ಯಾಕೆ? ನಮ್ಮ ಟಿಕೆಟ್ ದುಡ್ಡಿಂದ ಬೆಳೆದವರು. ಅಣ್ಣಾವ್ರೇ ನಮ್ಮನ್ನು ಅಭಿಮಾನಿ ದೇವರುಗಳು ಅಂದಿದ್ದಾರೆ.

ಗಾಂಧಿನಗರದ ಆಂಟಿ:
ಅಂದಿದ್ದು ನಿಜ. 2006ರ ಏಪ್ರಿಲ್‌ನಲ್ಲಿ ಅವರು ಹೋದಾಗ ಈ ದೇವರುಗಳು ಏನು ಮಾಡಿದರು ಅನ್ನೋದನ್ನೂ ನೋಡಿದವಳು ನಾನು. ಕಲ್ಲು, ಬೆಂಕಿ, ಗೋಲಿಬಾರ್. ಜೀವಗಳು ಹೋದವು. ಮನೆಯವರಿಗೆ ನೆಮ್ಮದಿಯಾಗಿ ಅಳೋದಕ್ಕೂ ಬಿಡಲಿಲ್ಲ.

2021ರಲ್ಲಿ ಅಪ್ಪು ಹೋದಾಗ ಕಂಠೀರವ ಕ್ರೀಡಾಂಗಣದ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಹುಡುಗ ಉದ್ದಕ್ಕೂ ಫೋನ್ ಎತ್ತಿ ಹಿಡಿದೇ ಬಂದ. ಹತ್ತಿರ ಬರುತ್ತಲೇ ಜೇಬಿಗೆ ಹಾಕಿಕೊಂಡ. ಕೈ ಮುಗಿದ, ಮುಂದೆ ಹೋದ. ಆ ಹುಡುಗನ ಹೆಸರೂ ಗೊತ್ತಿಲ್ಲ, ಮುಖ ಮರೆತಿಲ್ಲ.

ಇನ್ನು ಟಿಕೆಟ್ ದುಡ್ಡಿನ ಮಾತು. 2024ರ ಜನವರಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋಗಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಮೂವರು ಹುಡುಗರು ಕರೆಂಟ್ ಹೊಡೆದು ಸತ್ತರು. ಆ ಮೂರು ಮನೆಗಳಿಗೆ ಹೋಗಿ ಹೇಳಪ್ಪ ನಿನ್ನ ಲೆಕ್ಕ.

ತಿಪಟೂರಿನ ಮಗಾ, ನೀನು ಗೆಳೆಯನ ಮನೆಗೆ ಹೋಗು. ಮೆಸೇಜಲ್ಲಿ ಬೇಡ.

ತಿಪಟೂರು ಹುಡುಗ:
ಹನ್ನೊಂದನೇ ದಿನಕ್ಕೆ ಬೆಳಿಗ್ಗೆ ಆರಕ್ಕೇ ಹೋದೆ ಆಂಟಿ. ‘ಆ ಫೋಟೊ...’ ಅಂದೆ. ‘ಅಜ್ಜಿ ಇದ್ರಲ್ಲೋ ಅದ್ರಲ್ಲಿ’ ಅಂದ, ಅಷ್ಟೇ. ನನಗೆ ಮುಂದೆ ಮಾತು ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನೇ ಸಾರಿನ ಬಕೆಟ್ ತಂದು ಕೈಗೆ ಕೊಟ್ಟ. ಮೂರು ಪಂಕ್ತಿಗೂ ಬಡಿಸಿದೆ. ಎರಡನೇ ಪಂಕ್ತಿಯಲ್ಲಿ ಅವರೂ ಕೂತಿದ್ದರು. ‘ಇನ್ನೊಂಚೂರು ಹಾಕಪ್ಪ’ ಅಂದರು. ಹಾಕಿದೆ. ಗುರುತು ಸಿಕ್ಕಿತೋ ಇಲ್ಲವೋ, ತಲೆ ಎತ್ತಿ ನೋಡಲಿಲ್ಲ.