ವಿಬಿ6 + ಒರಾಕಲ್ + ನುಡಿ ಫಾಂಟ್: ಒಂದೇ ಸಲ ಹೊಸದಾಗಿ ಬರೆಯೋದಾ, ಬಿಡಿಬಿಡಿಯಾಗಿ ಬದಲಿಸೋದಾ?

ಕಾಫಿಸೀಮೆ:
ಸಹಕಾರಿ ಪತ್ತಿನ ಸಂಘವೊಂದರ ಸಾಫ್ಟ್‌ವೇರ್. ಬಳಸುವವರ ಪರದೆಗಳೆಲ್ಲ ವಿಬಿ6ನಲ್ಲಿ (ಹಳೇ ವಿಷುಯಲ್ ಬೇಸಿಕ್ 6 ಭಾಷೆ), ಸುಮಾರು 4 ಲಕ್ಷ ಸಾಲು ಕೋಡ್. ಅದರ ಹಿಂದೆ ಒರಾಕಲ್ ಡೇಟಾಬೇಸ್, 340 ಟೇಬಲ್, 600ಕ್ಕಿಂತ ಹೆಚ್ಚು ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್ ಒಳಗೇ ಇಟ್ಟ ಪ್ರೋಗ್ರಾಮ್). ಸದಸ್ಯರ ಹೆಸರು, ವಿಳಾಸ ಎಲ್ಲ ಯೂನಿಕೋಡ್ ಅಲ್ಲದ ಹಳೇ ನುಡಿ ಎನ್‌ಕೋಡಿಂಗ್‌ನಲ್ಲಿವೆ (ಅಕ್ಷರಗಳನ್ನು ಸಂಖ್ಯೆಯಾಗಿ ಇಡುವ ಕ್ರಮ). ಬರೆದವರೆಲ್ಲ ಕೆಲಸ ಬಿಟ್ಟು ಹೋಗಿದ್ದಾರೆ, ದಾಖಲೆ ಅಂತ ಏನೂ ಇಲ್ಲ. ಜಾವಾ ಭಾಷೆ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹೋಗಬೇಕು ಅಂತ ಆಡಳಿತ ಮಂಡಳಿ ತೀರ್ಮಾನಿಸಿದೆ, ಅದೂ ಒಂದು ಶನಿವಾರ-ಭಾನುವಾರದಲ್ಲಿ ಮುಗಿಸಿ ಅಂತ. ಎಲ್ಲಿಂದ ಹಿಡಿಯೋದು? ಕೋಡನ್ನು ತಾನೇ ಪರಿವರ್ತಿಸುವ ಟೂಲ್‌ಗಳನ್ನು ನಂಬಬಹುದಾ?

ಎಸ್‌ಕ್ಯುಎಲ್ ಶಾಸ್ತ್ರಿ:
ಟೂಲ್ ವಿಷಯ ಮೊದಲು ಮುಗಿಸಿಬಿಡೋಣ. ಅವು ವಿಬಿ6 ಅನ್ನು ಸಾಲಿಗೆ ಸಾಲು ಜಾವಾ ಮಾಡುತ್ತವೆ. 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್' ಇದ್ದಲ್ಲಿ ತಪ್ಪನ್ನು ನುಂಗಿ ಮುಂದೆ ಹೋಗುವ ಕೋಡೇ ಬರುತ್ತದೆ. ಯಾವ ಸ್ಕ್ರೀನ್ ಯಾವ ಟೇಬಲ್ ಮುಟ್ಟುತ್ತದೆ ಎಂಬ ನಕ್ಷೆ ತೆಗೆಯೋಕೆ ಬಳಸಿ, ಬಡ್ಡಿ ಲೆಕ್ಕಕ್ಕೆ ಬೇಡ.

600 ಪ್ರೊಸೀಜರ್‌ಗಳಲ್ಲಿ ಜೀವಂತ ಇರೋದು ಎಷ್ಟು ಅಂತ ಮೊದಲು ನೋಡಿ. ಒರಾಕಲ್‌ನ ಡಿಪೆಂಡೆನ್ಸಿ ವ್ಯೂನಲ್ಲಿ ಯಾರು ಯಾರನ್ನು ಕರೀತಾರೆ ಅಂತ ಸಿಗುತ್ತದೆ. ಆದರೆ 'ಎಕ್ಸಿಕ್ಯೂಟ್ ಇಮಿಡಿಯೇಟ್' (ಓಡುವಾಗಲೇ ಕಟ್ಟಿದ ಆದೇಶ ನಡೆಸೋದು) ಮೂಲಕ ಹೋಗುವ ಕರೆಗಳೂ, ವಿಬಿ6 ಸ್ಟ್ರಿಂಗ್ ಜೋಡಿಸಿ ಕಳಿಸುವ ಕರೆಗಳೂ ಅದರಲ್ಲಿ ಕಾಣಲ್ಲ. ಅದಕ್ಕೇ ಆಡಿಟ್ ಆನ್ ಮಾಡಿ, ನಿಜವಾಗಿ ಓಡಿದ್ದನ್ನು ದಾಖಲಿಸಿ. ಒಂದು ತಿಂಗಳ ಲಾಗ್ ನೋಡಿ "ಇದನ್ನು ಯಾರೂ ಬಳಸಲ್ಲ" ಅಂತ ಅಳಿಸಬೇಡಿ. ವರ್ಷಕ್ಕೊಮ್ಮೆ ಮಾರ್ಚ್ 31ರಂದು ಮಾತ್ರ ಓಡುವ ಪ್ರೊಸೀಜರ್ ಇಂಥ ಸಿಸ್ಟಮ್‌ಗಳಲ್ಲಿ ಇದ್ದೇ ಇರುತ್ತದೆ.

ಎರಡನೆಯದು, ಹಳೇ ನಡವಳಿಕೆಯನ್ನು ಸೆರೆಹಿಡಿಯೋದು. ಒರಾಕಲ್‌ನದೇ ಡಾಟಾ ಪಂಪ್ ಟೂಲ್‌ನಿಂದ ಪೂರ್ತಿ ಪ್ರತಿ ತೆಗೆದು ಬೇರೆ ಸರ್ವರ್‌ನಲ್ಲಿ ಎಬ್ಬಿಸಿ. ಅಲ್ಲಿ 'ಫಿಕ್ಸ್ಡ್_ಡೇಟ್' ಪ್ಯಾರಾಮೀಟರ್‌ಗೆ ಬೇಕಾದ ದಿನಾಂಕ ಕೊಟ್ಟರೆ ಇವತ್ತಿನ ತಾರೀಖು ಕೊಡುವ 'ಸಿಸ್‌ಡೇಟ್' ಅಲ್ಲೇ ನಿಲ್ಲುತ್ತದೆ, ದಿನಾಂತ್ಯ, ತಿಂಗಳಾಂತ್ಯದ ಲೆಕ್ಕಗಳನ್ನು ಎಷ್ಟು ಸಲ ಬೇಕಾದರೂ ಓಡಿಸಬಹುದು. ಎರಡು ಎಚ್ಚರಿಕೆ: 'ಸಿಸ್‌ಟೈಮ್‌ಸ್ಟ್ಯಾಂಪ್' ಇದಕ್ಕೆ ಬಗ್ಗಲ್ಲ, ವಿಬಿ6ನ 'ನೌ' ಕ್ಲೈಂಟ್ ಕಂಪ್ಯೂಟರ್‌ನ ಗಡಿಯಾರ ನೋಡುತ್ತದೆ, ಆ ಯಂತ್ರದ ತಾರೀಖನ್ನೂ ಬದಲಿಸಬೇಕು. ಪ್ರತಿ ಓಟ ಮುಗಿದ ಮೇಲೆ ಖಾತೆವಾರು ಬಾಕಿ, ಬಡ್ಡಿ, ಜನರಲ್ ಲೆಡ್ಜರ್ ಮೊತ್ತಗಳನ್ನು ಫೈಲಿಗೆ ಇಳಿಸಿ. ನಾಳೆ ಹೊಸ ಕೋಡ್‌ಗೆ ಪರೀಕ್ಷೆ ಅಂದರೆ ಇದೇ ಫೈಲು. ಹಳೇ ತಪ್ಪುಗಳೂ ಅದರಲ್ಲಿ ಇರುತ್ತವೆ, ಇರಲಿ.

ತುಂಗಾತೀರ:
ಶಾಸ್ತ್ರಿಗಳು ಹೇಳಿದ ಹೋಲಿಕೆ ಓಡಿಸಿದ ದಿನವೇ ಸಾವಿರಾರು ಖಾತೆಗಳಲ್ಲಿ ಒಂದೊಂದು ರೂಪಾಯಿ ವ್ಯತ್ಯಾಸ ಬರಬಹುದು. ಗಾಬರಿಯಾಗಬೇಡಿ, ಅದು ಬಹುತೇಕ ರೌಂಡಿಂಗ್.

ವಿಬಿ6ನ 'ರೌಂಡ್' ಅರ್ಧ ಬಂದಾಗ ಸಮ ಸಂಖ್ಯೆಯ ಕಡೆ ವಾಲುತ್ತದೆ: 112.50 ಕೊಟ್ಟರೆ 112, 113.50 ಕೊಟ್ಟರೆ 114. ಒರಾಕಲ್‌ನ 'ರೌಂಡ್' 112.50ಕ್ಕೆ 113 ಕೊಡುತ್ತದೆ. ಮಜಾ ಏನಂದರೆ ವಿಬಿ6ನದೇ 'ಫಾರ್ಮ್ಯಾಟ್' ಫಂಕ್ಷನ್ ಕೂಡ 113 ಅನ್ನುತ್ತದೆ. ಅಂದರೆ ಪರದೆ ಮೇಲೆ 113 ಕಂಡು ಟೇಬಲ್‌ನಲ್ಲಿ 112 ಕೂತಿರಬಹುದು! ಹಾಗಾಗಿ ಪ್ರತಿ ಲೆಕ್ಕ ವಿಬಿ6ನಲ್ಲಿ ನಡೀತಿದೆಯೋ ಪ್ರೊಸೀಜರ್‌ನಲ್ಲೋ ಅಂತ ಗುರುತು ಹಾಕಿಕೊಳ್ಳಿ. ಜಾವಾದಲ್ಲಿ ದಶಮಾಂಶವನ್ನು ನಿಖರವಾಗಿ ಇಡುವ ಬಿಗ್‌ಡೆಸಿಮಲ್ ಬಳಸಿ, ವಿಬಿ6 'ರೌಂಡ್' ಇದ್ದ ಕಡೆ 'ಹಾಫ್_ಈವನ್', ಒರಾಕಲ್ ಇದ್ದ ಕಡೆ 'ಹಾಫ್_ಅಪ್'. ಎರಡನ್ನೂ ಒಂದೇ ಮಾಡಿ ಚೆಂದ ಮಾಡೋಣ ಅನ್ನೋ ಆಸೆ ಬಂದೇ ಬರುತ್ತದೆ. ಈಗ ಬೇಡ. ಸದಸ್ಯರ ದುಡ್ಡಿನ ಲೆಕ್ಕ ಬದಲಾಗೋದು, ಅದಕ್ಕೆ ಮಂಡಳಿಯ ಠರಾವು ಬೇಕು.

ಪೋಸ್ಟ್‌ಗ್ರೆಸ್ ಕಡೆ ಕಾಲಿಗೆ ತೊಡರುವ ಸಂಗತಿಗಳು ಇನ್ನೂ ಇವೆ. ಒರಾಕಲ್‌ಗೆ ಖಾಲಿ ಸ್ಟ್ರಿಂಗ್ ಅಂದರೆ ನಲ್ (ಮಾಹಿತಿಯೇ ಇಲ್ಲ ಎಂಬ ಗುರುತು), ಪೋಸ್ಟ್‌ಗ್ರೆಸ್‌ಗೆ ಎರಡೂ ಬೇರೆ. ಒರಾಕಲ್‌ನಲ್ಲಿ ಎರಡು ಪೈಪ್ ಚಿಹ್ನೆ ಹಾಕಿ ಹೆಸರು ಜೋಡಿಸುವಾಗ ತಂದೆ ಹೆಸರು ನಲ್ ಇದ್ದರೂ ಉಳಿದದ್ದು ಬರುತ್ತದೆ. ಅದೇ ಸಾಲು ಪೋಸ್ಟ್‌ಗ್ರೆಸ್‌ನಲ್ಲಿ ಇಡೀ ಹೆಸರನ್ನೇ ನಲ್ ಮಾಡುತ್ತದೆ. ಅಲ್ಲಿ ಪೈಪ್ ಬದಲು 'ಕಾನ್‌ಕ್ಯಾಟ್' ಬಳಸಿ. ಒರಾಕಲ್‌ನ 'ಡೇಟ್' ಒಳಗೆ ಗಂಟೆ, ನಿಮಿಷವೂ ಇರುತ್ತದೆ. ಪೋಸ್ಟ್‌ಗ್ರೆಸ್‌ನ 'ಡೇಟ್'ಗೆ ಹಾಕಿದರೆ ಅದು ಸದ್ದಿಲ್ಲದೆ ಹೋಗುತ್ತದೆ.

ನುಡಿಬೈಟು:
ನುಡಿ ಡೇಟಾದ ಬಗ್ಗೆ ನನ್ನ ಎರಡು ಮಾತು.

ಮೊದಲನೇ ಅಪಾಯ ಡೇಟಾ ಹೊರಗೆ ತೆಗೆಯುವಾಗಲೇ. ಹಳೇ ನುಡಿಯಲ್ಲಿ 127ರ ಮೇಲಿನ ಬೈಟ್‌ಗಳೇ ಹೆಚ್ಚು. ಡೇಟಾಬೇಸ್‌ನ ಕ್ಯಾರೆಕ್ಟರ್ ಸೆಟ್ ಒಂದು, ಕ್ಲೈಂಟ್‌ನ 'ಎನ್‌ಎಲ್‌ಎಸ್_ಲ್ಯಾಂಗ್' ಸೆಟ್ಟಿಂಗ್ ಇನ್ನೊಂದು ಆಗಿದ್ದರೆ ಒರಾಕಲ್ ನಡುವೆ ತಾನೇ ಪರಿವರ್ತಿಸಿ ಆ ಬೈಟ್‌ಗಳನ್ನು ಪ್ರಶ್ನಾರ್ಥಕ ಚಿಹ್ನೆ ಮಾಡಿಬಿಡಬಹುದು. ಆಮೇಲೆ ವಾಪಸ್ ಬರಲ್ಲ. ಒರಾಕಲ್‌ನ 'ಯುಟಿಎಲ್_ರಾ' ಪ್ಯಾಕೇಜಿನಿಂದ ಕಾಲಮ್ಮನ್ನು ಕಚ್ಚಾ ಬೈಟ್ ಮಾಡಿ, ಹೆಕ್ಸ್ ರೂಪದಲ್ಲಿ (0-9, ಎ-ಎಫ್ ಮಾತ್ರ ಇರುವ ಬರಹ) ತೆಗೆಯಿರಿ. ಹೆಕ್ಸ್ ಅನ್ನು ಯಾರೂ ಕೆಡಿಸಲಾರರು.

ಎರಡನೆಯದು, ಬೈಟ್‌ಗೆ ಅಕ್ಷರ ಅಂತ ನೇರ ಪಟ್ಟಿ ಹಾಕಿದರೆ ಸಾಲದು. ನುಡಿ ಅಕ್ಷರದ ತುಂಡುಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡುತ್ತದೆ. 'ಸೂರ್ಯ'ದಲ್ಲಿ ಯ ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡ್‌ನಲ್ಲಿ ರ, ಹಲಂತ, ಯ ಈ ಕ್ರಮ. ಅರ್ಕಾವತ್ತು ಸಿಕ್ಕಾಗ ಹಿಂದಿನ ಇಡೀ ಒತ್ತಕ್ಷರ ದಾಟಿ ಅದನ್ನು ಮುಂದೆ ತರಬೇಕು. ಸರಿಯಾಯಿತೋ ಇಲ್ಲವೋ ನೋಡೋಕೆ ಉಪಾಯ: ಯೂನಿಕೋಡ್‌ಗೆ ತಂದದ್ದನ್ನು ಮತ್ತೆ ನುಡಿಗೆ ತಿರುಗಿಸಿ ಮೂಲ ಬೈಟ್ ಜೊತೆ ಹೋಲಿಸಿ. ಹೊಂದದ ಸಾಲುಗಳನ್ನು ಬೇರೆ ಟೇಬಲ್‌ಗೆ ಹಾಕಿ ಮನುಷ್ಯರಿಂದಲೇ ತಿದ್ದಿಸಿ. ಮೂಲ ಹೆಕ್ಸ್ ಕಾಲಮ್ ಕೆಲವು ವರ್ಷ ಹಾಗೇ ಇರಲಿ.

ಒಂದೇ ಕಾಲಮ್‌ನಲ್ಲಿ ಇಂಗ್ಲಿಷ್ ಹೆಸರುಗಳೂ ಬೆರೆತಿರುತ್ತವೆ. ನುಡಿಯೂ ಇಂಗ್ಲಿಷ್ ಅಕ್ಷರಗಳ ಜಾಗವನ್ನೇ ಬಳಸಿಕೊಂಡಿರೋದರಿಂದ ಕಣ್ಣುಮುಚ್ಚಿ ಪರಿವರ್ತಿಸಿದರೆ ಅವು ಅರ್ಥವಿಲ್ಲದ ಕನ್ನಡ ಆಗುತ್ತವೆ. ತಲೆಕಟ್ಟಿನ ಬೈಟ್ 192. ಕನ್ನಡ ಹೆಸರಿನಲ್ಲಿ ಅದೋ, 127 ಮೀರಿದ ಇನ್ನೊಂದೋ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಒಂದೂ ಇಲ್ಲದ ಸಾಲನ್ನು ಇಂಗ್ಲಿಷ್ ಅಂತ ಬದಿಗಿಡಿ.

ಉದ್ದವೂ ಬದಲಾಗುತ್ತದೆ. 'ಶ್ರೀನಿವಾಸ' ನಮಗೆ ನಾಲ್ಕು ಅಕ್ಷರ, ಯೂನಿಕೋಡ್‌ಗೆ 9 ಕೋಡ್‌ಪಾಯಿಂಟ್ (ಸ್ವರಚಿಹ್ನೆ, ಹಲಂತಗಳನ್ನೂ ಬೇರೆಬೇರೆ ಎಣಿಸಿ), ಅದನ್ನು ಉಳಿಸುವ ಯುಟಿಎಫ್-8 ರೂಪದಲ್ಲಿ 27 ಬೈಟ್. ಪೋಸ್ಟ್‌ಗ್ರೆಸ್ 'ವಾರ್‌ಚಾರ್' 30 ಅಂದರೆ 30 ಕೋಡ್‌ಪಾಯಿಂಟ್, ಬಚಾವು. ನಡುವೆ ಬೈಟ್ ಲೆಕ್ಕದಲ್ಲಿ ಕತ್ತರಿಸುವ ಫೈಲು ಯಾವುದಾದರೂ ಇದ್ದರೆ ಅಕ್ಷರ ಅರ್ಧಕ್ಕೆ ತುಂಡಾಗುತ್ತದೆ. ಪಾಸ್‌ಬುಕ್ ಮುದ್ರಣದಲ್ಲಿ ಸ್ಪೇಸ್ ತುಂಬಿ ಕಾಲಮ್ ಸರಿಮಾಡುವ ಕೋಡನ್ನಂತೂ ಹೊಸದಾಗೇ ಬರೆಯಬೇಕು.

ಕಾಫಿಸೀಮೆ:
ಎಲ್ಲರಿಗೂ ಧನ್ಯವಾದ. ಇಷ್ಟೆಲ್ಲ ಇದ್ದಮೇಲೆ ಒಂದೇ ವಾರಾಂತ್ಯದಲ್ಲಿ ಬೇಡ ಅಂತ ಮಂಡಳಿಗೆ ಹೇಗೆ ಒಪ್ಪಿಸೋದು? ಬೇಡ ಅಂದರೆ ಹಳೆಯದೂ ಹೊಸದೂ ಜೊತೆಗೆ ಹೇಗೆ ನಡೆಯುತ್ತವೆ?

ಗೇಟ್‌ವೇ ಗೌಡ್ರು:
ಒಪ್ಪಿಸೋಕೆ ಬ್ರಿಟನ್‌ನ ಟಿಎಸ್‌ಬಿ ಬ್ಯಾಂಕಿನ ಕಥೆ ಸಾಕು. 2018ರ ಏಪ್ರಿಲ್‌ನಲ್ಲಿ ಒಂದೇ ವಾರಾಂತ್ಯದಲ್ಲಿ ಸುಮಾರು 52 ಲಕ್ಷ ಗ್ರಾಹಕರನ್ನು ಹೊಸ ವ್ಯವಸ್ಥೆಗೆ ಸಾಗಿಸಿದರು. ಡೇಟಾ ಸರಿಯಾಗೇ ಬಂತು, ಕೈಕೊಟ್ಟದ್ದು ಹೊಸ ವ್ಯವಸ್ಥೆ. ಬಹಳಷ್ಟು ಗ್ರಾಹಕರಿಗೆ ಖಾತೆಯೇ ತೆರೆಯಲಿಲ್ಲ. 2022ರ ಡಿಸೆಂಬರ್‌ನಲ್ಲಿ ನಿಯಂತ್ರಕರು ಹಾಕಿದ ದಂಡ 4.865 ಕೋಟಿ ಪೌಂಡ್.

ಜೊತೆಗೆ ನಡೆಸೋ ಕ್ರಮಕ್ಕೆ ಸ್ಟ್ರ್ಯಾಂಗ್ಲರ್ ಫಿಗ್ ಅನ್ನುತ್ತಾರೆ. ಬೇರೆ ಮರದ ಮೇಲೆ ಮೊಳೆತ ಆಲ, ಬೇರಿಳಿಸಿ ಆ ಮರವನ್ನೇ ಸುತ್ತಿ ನಿಲ್ಲುತ್ತದಲ್ಲ, ಹಾಗೆ. ಮೊದಲು ವರದಿಗಳು, ಅವು ಓದೋದು ಮಾತ್ರ. ಆಮೇಲೆ ಸದಸ್ಯರ ಮಾಹಿತಿ, ಠೇವಣಿ, ಸಾಲ. ದಿನಾಂತ್ಯ ಕಟ್ಟಕಡೆಗೆ.

ನಿಯಮ ಒಂದೇ: ಒಂದು ಟೇಬಲ್‌ಗೆ ಬರೆಯುವವರು ಒಬ್ಬರೇ. ಎರಡೂ ಕಡೆಯಿಂದ ಬರೆಯೋಕೆ ಬಿಟ್ಟರೆ ಒಂದು ಕಡೆ ಕಮಿಟ್ (ಖಾಯಂ ದಾಖಲು) ಆಗಿ ಇನ್ನೊಂದು ಕಡೆ ಬಿದ್ದಾಗ ಯಾವುದು ನಿಜ ಅಂತ ಯಾರಿಗೂ ಗೊತ್ತಾಗಲ್ಲ. ಸದಸ್ಯರ ಟೇಬಲ್ ಹೊಸ ಕಡೆ ಹೋಯಿತು ಅಂದಮೇಲೆ ಹಳೇ ಕಡೆ ಅದು ಬರೀ ನೆರಳು, ಹೊಸ ಕಡೆಯ ಬದಲಾವಣೆ ತರುವ ಸಿಂಕ್ ಕೆಲಸ ಮಾತ್ರ ಅದಕ್ಕೆ ಬರೆಯಬೇಕು. ವಿಬಿ6 ಲಾಗಿನ್‌ನ ಅಪ್‌ಡೇಟ್ ಹಕ್ಕು ಕಿತ್ತರೆ ಸಾಕು ಅಂದುಕೊಂಡು ಬಹಳ ಜನ ಕೆಡುತ್ತಾರೆ. ಸ್ಟೋರ್ಡ್ ಪ್ರೊಸೀಜರ್ ಸಾಮಾನ್ಯವಾಗಿ ಓಡೋದು ಅದರ ಮಾಲೀಕನ ಹಕ್ಕಿನಲ್ಲಿ, ಅದು ಆರಾಮಾಗಿ ಬರೆಯುತ್ತಲೇ ಇರುತ್ತದೆ. ಆ ಟೇಬಲ್‌ಗೆ ಟ್ರಿಗರ್ (ಯಾರಾದರೂ ಬರೆದಾಗ ತಾನೇ ಓಡುವ ಕೋಡ್) ಹಾಕಿ, ಸೆಷನ್ ಸಿಂಕ್‌ನದಲ್ಲದಿದ್ದರೆ ಎರರ್ ಎಸೆಯಿರಿ. ಮೊದಲ ವಾರ ಎಸೆಯದೆ ಬರೀ ಲಾಗ್ ಮಾಡಿ, ಯಾವ ಮೂಲೆಯಿಂದ ಯಾರು ಬರೀತಿದ್ದಾರೆ ಅಂತ ತಿಳಿಯುತ್ತದೆ.

ಕಾಫಿಸೀಮೆ:
ಠೇವಣಿ ಭಾಗ ಎಷ್ಟು ದಿನ ಎರಡೂ ಕಡೆ ಓಡಿಸಿ ಹೋಲಿಸಬೇಕು?

ಎಸ್‌ಕ್ಯುಎಲ್ ಶಾಸ್ತ್ರಿ:
ದಿನ ಎಣಿಸಬೇಡಿ, ಘಟನೆ ಎಣಿಸಿ. ಕನಿಷ್ಠ ಒಂದು ತಿಂಗಳಾಂತ್ಯ, ಒಂದು ಬಡ್ಡಿ ಜಮಾ, ಒಂದಷ್ಟು ಅವಧಿಗೆ ಮುಂಚಿನ ಮುಕ್ತಾಯ. ಮಾರ್ಚ್ 31ಕ್ಕೆ ಕಾಯೋಕೆ ಆಗದಿದ್ದರೆ ಹೋದ ವರ್ಷದ ಮಾರ್ಚ್ 30ರ ಬ್ಯಾಕಪ್ ಎಬ್ಬಿಸಿ, ತಾರೀಖು ನಿಲ್ಲಿಸಿ ಓಡಿಸಿ.

ತುಂಗಾತೀರ:
ಮರೆತಿದ್ದೆ. ಎರಡಂಕಿ ವರ್ಷ ಟೈಪ್ ಮಾಡುವ ಸ್ಕ್ರೀನ್ ಇದ್ದರೆ ಇವತ್ತೇ ನೋಡಿ. ಒರಾಕಲ್‌ನ 'ಆರ್‌ಆರ್' ಮಾದರಿಗೆ 00ರಿಂದ 49 ಅಂದರೆ 2000ದ ಕಡೆ. ವಿಬಿ6 ಸಾಮಾನ್ಯವಾಗಿ 29ಕ್ಕೇ ನಿಲ್ಲುತ್ತದೆ, ಅದೂ ಆ ಯಂತ್ರದ ವಿಂಡೋಸ್ ಸೆಟ್ಟಿಂಗ್ ಹೇಗಿದೆಯೋ ಹಾಗೆ. ಐದು ವರ್ಷದ ಠೇವಣಿಗೆ ಮುಕ್ತಾಯದ ವರ್ಷ 31 ಅಂತ ಹಾಕಿದರೆ ಒಂದು ಕೌಂಟರ್‌ನಲ್ಲಿ 2031, ಪಕ್ಕದ ಕೌಂಟರ್‌ನಲ್ಲಿ 1931.